ವ್ಯಸನದ ಅಧ್ಯಯನವನ್ನೇ ವೃತ್ತಿ ಮಾಡಿಕೊಳ್ಳಬಹುದೇ? ಅನುಭವವಿರುವವರು ಹೇಳಿ

ಹೊಸಹೆಜ್ಜೆ ಕೇಳಿದ ಪ್ರಶ್ನೆ

ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಪಿಎಚ್.ಡಿ.ಗೆ ಎರಡು ವಿಷಯಗಳು ಮುಂದಿವೆ. ಒಂದು, ವಲಸೆ ಕಾರ್ಮಿಕರ ವಸತಿ. ಇದಕ್ಕೆ ಮಾರ್ಗದರ್ಶಕರು ಸಿದ್ಧರಿದ್ದಾರೆ, ದಾರಿಯೂ ಸ್ಪಷ್ಟವಾಗಿದೆ. ಇನ್ನೊಂದು, ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನ, ಅದನ್ನು ಸುತ್ತುವರಿದ ಸಂಸ್ಕೃತಿ ಮತ್ತು ಆರೋಗ್ಯ. ಮನಸ್ಸು ಎರಡನೆಯದರ ಕಡೆಗೇ ವಾಲುತ್ತಿದೆ.

ತೊಂದರೆಯೆಂದರೆ, ಯಾರ ಬಳಿ ಹೇಳಿಕೊಂಡರೂ ‘ಅದು ಮನೋವೈದ್ಯರ ಕೆಲಸವಲ್ಲವೇ? ಮಿದುಳಿಗೆ ಸಂಬಂಧಿಸಿದ ಕಾಯಿಲೆಯ ಬಗ್ಗೆ ಸಮಾಜಶಾಸ್ತ್ರದವರು ಏನು ಹೇಳಬಲ್ಲರು?’ ಎನ್ನುತ್ತಾರೆ. ತಕ್ಕ ಉತ್ತರ ನನ್ನಲ್ಲಿಲ್ಲ. ಪುಸ್ತಕಗಳಲ್ಲಿ ಸಿದ್ಧಾಂತ ಸಿಗುತ್ತದೆ, ಆದರೆ ಇಂಥ ಸಂಶೋಧಕರು ಬೆಳಿಗ್ಗೆ ಎದ್ದು ಮಾಡುವ ಕೆಲಸವೇನು ಎಂಬುದು ಎಲ್ಲೂ ಇಲ್ಲ. ನಾನು ಒಂದು ಹನಿಯನ್ನೂ ಮುಟ್ಟಿದವಳಲ್ಲ. ನನ್ನಂಥವಳ ಮುಂದೆ ಜನ ನಿಜ ಹೇಳುತ್ತಾರೆಯೇ? ಇಪ್ಪತ್ತು ಮೂವತ್ತು ವರ್ಷ ಇದನ್ನೇ ಕೇಳುತ್ತಾ ಕುಳಿತರೆ ಮನಸ್ಸು ಏನಾಗುತ್ತದೆ? ಸಮಾಧಾನದ ಮಾತು ಬೇಡ, ಇದ್ದದ್ದನ್ನು ಇದ್ದಂತೆ ಹೇಳಿ.

ವಾರ್ಡ್ ಪಾಳಿ ಅವರ ಉತ್ತರ

ನಾನು ವ್ಯಸನ ಚಿಕಿತ್ಸಾ ವಾರ್ಡಿನಲ್ಲಿ ಶುಶ್ರೂಷಕ. ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಬೇಡ. ನಮ್ಮಲ್ಲಿಗೆ ಆಗಾಗ ಪ್ರಶ್ನಾವಳಿ ಹಿಡಿದವರು ಬರುತ್ತಾರೆ. ಮದ್ಯ ಬಿಟ್ಟ ಎರಡನೆಯ ದಿನ ಕೈ ನಡುಗಿ, ಬೆವರಿ, ಇಲ್ಲದ್ದನ್ನು ಕಂಡು ಬೆಚ್ಚುವವನ ಪಕ್ಕದಲ್ಲಿ ನಿಂತು ‘ನಿಮ್ಮ ತಿಂಗಳ ಆದಾಯ ಎಷ್ಟು’ ಎಂದು ಕೇಳುತ್ತಾರೆ. ಆ ಹೊತ್ತಿಗೆ ಅವನಿಗೆ ಬೇಕಾದದ್ದು ನಡುಕ ತಗ್ಗಿಸುವ ಡಯಾಜೆಪಾಮ್ ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವ. ವರದಿ ಮುದ್ರಣವಾಗುತ್ತದೆ, ರೋಗಿ ಆರು ತಿಂಗಳ ನಂತರ ಅದೇ ಹಾಸಿಗೆಗೆ ಮರಳುತ್ತಾನೆ. ನಿಮಗೆ ಸಹಾಯ ಮಾಡುವ ಮನಸ್ಸಿದ್ದರೆ ಆಪ್ತಸಮಾಲೋಚನೆ ಕಲಿಯಿರಿ. ನಮಗೆ ಕೈಗಳು ಸಾಲುತ್ತಿಲ್ಲ.

ಹಳೆಯ ಕಡತ ಅವರ ಉತ್ತರ

ಈ ಕೆಲಸದಲ್ಲೇ ಕೂದಲು ನರೆತವಳು ನಾನು, ಈಗ ನಿವೃತ್ತಳು. ‘ವಾರ್ಡ್ ಪಾಳಿ’ಯವರು ಹೇಳಿದ್ದರಿಂದಲೇ ಶುರು ಮಾಡುತ್ತೇನೆ. ಅವರ ಸಿಟ್ಟು ನ್ಯಾಯವಾದದ್ದು. ಸನ್ನಿಗೆ ಜಾರುತ್ತಿರುವವನನ್ನು ಸಂದರ್ಶಿಸುವುದು ಸಂಶೋಧನೆಯೇ ಅಲ್ಲ, ಮರ್ಯಾದೆಗೇಡು. ಆದರೆ ರೋಗಿ ಅದೇ ಹಾಸಿಗೆಗೆ ಮರಳುತ್ತಾನೆ ಎಂದರಲ್ಲ, ಆ ಆರು ತಿಂಗಳು ಅವನು ಎಲ್ಲಿದ್ದ? ವಾರ್ಡಿನ ದಾಖಲೆಯಲ್ಲಿ ಆ ಕಾಲಕ್ಕೆ ಒಂದು ಸಾಲೂ ಇರುವುದಿಲ್ಲ. ನಮ್ಮ ಕೆಲಸವಿರುವುದು ಅಲ್ಲಿ.

ಹೊಸಬರೆಲ್ಲ ಮೊದಲು ಕೇಳುವುದು ‘ನೀವು ಏಕೆ ಕುಡಿಯುತ್ತೀರಿ?’ ಎಂದು. ಇದಕ್ಕಿಂತ ನಿರುಪಯೋಗಿ ಪ್ರಶ್ನೆ ಇನ್ನೊಂದಿಲ್ಲ. ವರ್ಷಗಟ್ಟಲೆ ಕುಡಿದವನಿಗೆ ವೈದ್ಯರು, ಹೆಂಡತಿ, ಅಣ್ಣ, ಪೊಲೀಸರು ಎಲ್ಲರೂ ಇದನ್ನೇ ಕೇಳಿರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಅವನ ಬಳಿ ಸಿದ್ಧವಾಗಿರುತ್ತದೆ. ನನಗೆ ಪರಿಚಯವಿದ್ದ ಒಬ್ಬ ಬಡಗಿ ಆಸ್ಪತ್ರೆಯಲ್ಲಿ ಮಾನಸಿಕ ಒತ್ತಡ ಎಂದಿದ್ದ, ಮನೆಯಲ್ಲಿ ಗೆಳೆಯರ ಸಹವಾಸ ಎಂದಿದ್ದ, ನನ್ನೆದುರು ಬೆನ್ನು ನೋವು ಎಂದ. ಯಾವುದೂ ಸುಳ್ಳಲ್ಲ. ಯಾವುದರಿಂದಲೂ ಏನೂ ತಿಳಿಯಲಿಲ್ಲ.

ಅದರ ಬದಲು ‘ಕೊನೆಯ ಬಾರಿ ಒಂದು ಇಡೀ ದಿನ ಕುಡಿಯದೆ ಇದ್ದದ್ದು ಯಾವಾಗ? ಅಂದು ಬೆಳಿಗ್ಗೆಯಿಂದ ಏನೇನಾಯಿತು?’ ಎಂದು ಕೇಳಿದೆ. ಮೊದಲು ನಕ್ಕ. ಆಮೇಲೆ ಧ್ವನಿಮುದ್ರಣದ ಯಂತ್ರ ನಿಂತುಹೋದದ್ದೂ ಗಮನಕ್ಕೆ ಬಾರದಷ್ಟು ಹೊತ್ತು ಮಾತನಾಡಿದ. ಬೇರೊಂದು ಊರಿನಲ್ಲಿ ಮೆಟ್ಟಿಲಿನ ಕಟಕಟೆ ಮಾಡುವ ಕೆಲಸ ಸಿಕ್ಕಿತ್ತು. ತನ್ನ ಸಲಕರಣೆಗಳನ್ನು ಸಾಲಕ್ಕೆ ಒತ್ತೆ ಇಟ್ಟಿದ್ದ, ಮಾಲೀಕರೇ ಬೇರೆ ಒದಗಿಸಿದ್ದರು. ಶಾಲೆಗೆ ರಜೆಯಿದ್ದುದರಿಂದ ಮಗಳು ಜೊತೆಗೆ ಬಂದು ಅಳತೆ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಆ ಊರಿನಲ್ಲಿ ಅವನನ್ನು ಕುಡುಕನೆಂದು ಬಲ್ಲವರು ಯಾರೂ ಇರಲಿಲ್ಲ. ಸಂಜೆ ಕೂಲಿಯನ್ನು ಅವನ ಕೈಗೆ ಕೊಡದೆ ಕೆಲಸ ಮುಗಿದ ಮೇಲೆ ಒಟ್ಟಿಗೆ ಕೊಡುತ್ತೇವೆ ಎಂದಿದ್ದರು. ದಿನಗೂಲಿ, ಸಲಕರಣೆ, ಊರವರ ಕಣ್ಣಿನಲ್ಲಿರುವ ಹೆಸರು, ಪಕ್ಕದಲ್ಲಿ ಒಂದು ಮಗು. ಇವೆಲ್ಲ ಅವನು ಕುಡಿಯದ ದಿನದ ವಿವರಗಳು. ಇವುಗಳಲ್ಲಿ ಯಾವುದೂ ಅವನ ಚಿಕಿತ್ಸೆಯ ಕಡತದಲ್ಲಿ ಇರಲಿಲ್ಲ.

ಇದು ಒಬ್ಬನ ಕಥೆ ಎನ್ನಬಹುದು. ದೊಡ್ಡ ಪ್ರಮಾಣದಲ್ಲಿ ಇದೇ ಪ್ರಶ್ನೆ ಕೇಳಿದವರು ಲೀ ರಾಬಿನ್ಸ್. ಅವರೂ ಸಮಾಜಶಾಸ್ತ್ರಜ್ಞೆಯೇ, ಮನೋವೈದ್ಯೆಯಲ್ಲ. 1971ರಲ್ಲಿ ವಿಯೆಟ್ನಾಮಿನಿಂದ ಮರಳಿದ ಅಮೆರಿಕದ ಸೈನಿಕರನ್ನು ಅವರ ತಂಡ ಹುಡುಕಿ ಹುಡುಕಿ ಮಾತನಾಡಿಸಿತು. ಯುದ್ಧಭೂಮಿಯಲ್ಲಿ ಐವರಲ್ಲಿ ಒಬ್ಬರಷ್ಟು ಸೈನಿಕರು ಹೆರಾಯಿನ್‌ನಂಥ ಅಫೀಮು ಜನ್ಯ ವಸ್ತುಗಳಿಗೆ ದಾಸರಾಗಿದ್ದರು. ಅವರೆಲ್ಲ ಸ್ವದೇಶದ ಬೀದಿಗಳಲ್ಲಿ ಹೆರಾಯಿನ್ ಹುಡುಕಿ ಅಲೆಯುತ್ತಾರೆಂದು ಸರ್ಕಾರ ಹೆದರಿತ್ತು. ಹಾಗಾಗಲಿಲ್ಲ. ಅಲ್ಲಿ ದಾಸರಾಗಿದ್ದವರಲ್ಲಿ ಮರಳಿದ ಮೊದಲ ವರ್ಷ ಮತ್ತೆ ಆ ಸ್ಥಿತಿಗೆ ಬಿದ್ದವರು ಶೇ 5ರಷ್ಟು, ಮೂರು ವರ್ಷಗಳಲ್ಲಿ ಶೇ 12ರಷ್ಟು. ಬಹಳಷ್ಟು ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ರಾಬಿನ್ಸ್ ಅವರ ಅಂಕಿಗಳನ್ನು ಆಗ ಅನೇಕರು ನಂಬಲಿಲ್ಲ. ‘ವಾತಾವರಣ ಬದಲಾದರೆ ಎಲ್ಲ ಸರಿಹೋಗುತ್ತದೆ’ ಎಂದು ಇದನ್ನು ಸರಳ ಮಾಡುವವರ ಬಗ್ಗೆಯೂ ನನಗೆ ಅಸಹನೆಯಿದೆ. ಆ ಸೈನಿಕರು ಚಿಕ್ಕ ವಯಸ್ಸಿನವರು, ಬಹುಪಾಲು ಮಂದಿ ಹೆರಾಯಿನ್ ಸೇದುತ್ತಿದ್ದವರೇ ಹೊರತು ಚುಚ್ಚಿಕೊಳ್ಳುತ್ತಿದ್ದವರಲ್ಲ, ಮರಳಿ ಹೋಗಲು ಮನೆ ಎಂಬುದೊಂದು ಇತ್ತು. ನನ್ನ ಬಡಗಿಗೆ ಹಾಗೆ ಬಿಟ್ಟು ಬರಬಹುದಾದ ವಿಯೆಟ್ನಾಂ ಇರಲಿಲ್ಲ. ಅವನು ಕುಡಿದ ಊರೂ ಬದುಕಬೇಕಾದ ಊರೂ ಒಂದೇ.

ಇನ್ನು ಸಂಸ್ಕೃತಿ. ಇಲ್ಲಿ ಹುಷಾರಾಗಿರಿ. 1950ರ ದಶಕದಲ್ಲಿ ಡ್ವೈಟ್ ಹೀತ್ ಎಂಬ ಮಾನವಶಾಸ್ತ್ರಜ್ಞ ಬೊಲಿವಿಯಾದ ಕಾಂಬಾ ಜನರ ನಡುವೆ ಇದ್ದು ಬಂದರು. ಆ ಜನ ಸಂತೋಷಕೂಟಗಳಲ್ಲಿ ಸೇರಿ, ಒಂದೇ ಲೋಟವನ್ನು ಕೈಯಿಂದ ಕೈಗೆ ದಾಟಿಸುತ್ತಾ ಶೇ 89ರಷ್ಟು ಆಲ್ಕೋಹಾಲ್ ಇದ್ದ ಮದ್ಯವನ್ನು ನೀರು ಬೆರೆಸದೆ ಕುಡಿಯುತ್ತಿದ್ದರು. ಮೈಮರೆತು ಮಲಗುತ್ತಿದ್ದರು, ಎದ್ದು ಮತ್ತೆ ಕುಡಿಯುತ್ತಿದ್ದರು. ಆದರೂ ಜಗಳವಿಲ್ಲ, ಹಲ್ಲೆಯಿಲ್ಲ, ಒಂಟಿಯಾಗಿ ಕುಡಿಯುವವರಿಲ್ಲ ಎಂದು ಹೀತ್ ಬರೆದರು. ಕುಡಿದವರು ಹೇಗೆ ವರ್ತಿಸುತ್ತಾರೆ ಎಂಬುದನ್ನು ಮದ್ಯವೊಂದೇ ತೀರ್ಮಾನಿಸುವುದಿಲ್ಲ, ಸಮಾಜ ಕಲಿಸಿಕೊಟ್ಟದ್ದೂ ತೀರ್ಮಾನಿಸುತ್ತದೆ ಎಂಬ ವಾದಕ್ಕೆ ಇದು ದೊಡ್ಡ ಬಲ ಕೊಟ್ಟಿತು. ನನ್ನ ತಲೆಮಾರಿನವರೆಲ್ಲ ಇದನ್ನು ಓದಿ ಪುಳಕಗೊಂಡವರೇ.

1984ರಲ್ಲಿ ರಾಬಿನ್ ರೂಮ್ ಎಂಬ ಸಮಾಜಶಾಸ್ತ್ರಜ್ಞ ಒಂದು ಲೇಖನ ಬರೆದು ಆ ಪುಳಕಕ್ಕೆ ತಣ್ಣೀರೆರಚಿದರು. ಮಾನವಶಾಸ್ತ್ರಜ್ಞರು ಕುಡಿತದ ಹಾನಿಯನ್ನು ಚಿಕ್ಕದು ಮಾಡಿ ತೋರಿಸುತ್ತಿದ್ದಾರೆಯೇ ಎಂದು ಅವರು ಕೇಳಿದರು. ತಾವು ಅಧ್ಯಯನ ಮಾಡುವ ಜನರ ಮೇಲಿನ ಪ್ರೀತಿ, ಆ ಸಂಶೋಧಕರ ಪೀಳಿಗೆಗೇ ಮದ್ಯದ ಬಗ್ಗೆ ಇದ್ದ ಸಲುಗೆ, ಎಲ್ಲವನ್ನೂ ಸಮಾಜವನ್ನು ಬೆಸೆಯುವ ಆಚರಣೆಯಾಗಿ ಕಾಣುವ ಸಿದ್ಧಾಂತ, ಇವೆಲ್ಲ ಸೇರಿ ಕಣ್ಣಿಗೆ ಪರದೆ ಕಟ್ಟುತ್ತವೆ ಎಂಬುದು ಅವರ ವಾದ. ನಾನು ರೂಮ್ ಅವರ ಪಕ್ಷ. ಕುಡಿಯುವವರ ವರ್ತುಲದಲ್ಲಿ ಕುಳಿತು ಬರೆದ ಟಿಪ್ಪಣಿಯಲ್ಲಿ ಎಷ್ಟೋ ಬಾರಿ ಹಿಂಬಾಗಿಲಲ್ಲಿ ನಿಂತ ಹೆಂಗಸು ಇರುವುದೇ ಇಲ್ಲ. ಅವಳನ್ನು ಕೇಳಿ. ಅವಳ ಲೆಕ್ಕ ಬೇರೆಯೇ ಇರುತ್ತದೆ.

‘ನಿಜ ಹೇಳುತ್ತಾರೆಯೇ’ ಎಂದು ಕೇಳಿದ್ದೀರಿ. ಸಮೀಕ್ಷೆಗಳಲ್ಲಿ ಜನ ಕುಡಿದೆವೆಂದು ಹೇಳುವ ಒಟ್ಟು ಮದ್ಯವನ್ನು ಮಾರಾಟದ ಲೆಕ್ಕದ ಪಕ್ಕ ಇಟ್ಟರೆ, ಅನೇಕ ದೇಶಗಳಲ್ಲಿ ಅದು ಶೇ 40ರಿಂದ 60ರ ನಡುವೆ ನಿಲ್ಲುತ್ತದೆ. ಉಳಿದ ಸೀಸೆಗಳನ್ನು ಯಾರು ಖಾಲಿ ಮಾಡಿದರೋ! ಇದೆಲ್ಲ ಸುಳ್ಳಿನಿಂದ ಆದದ್ದಲ್ಲ. ಹೆಚ್ಚು ಕುಡಿಯುವವರು ಸಮೀಕ್ಷೆಗೆ ಸಿಗುವುದೇ ಕಡಿಮೆ. ಸಿಕ್ಕವರಿಗೂ ‘ಸಾಮಾನ್ಯವಾಗಿ ವಾರಕ್ಕೆ ಎಷ್ಟು’ ಎಂದರೆ ಉತ್ತರ ತೋಚುವುದಿಲ್ಲ, ಏಕೆಂದರೆ ಅಂಥ ಸಾಮಾನ್ಯ ವಾರ ಯಾರ ಬದುಕಿನಲ್ಲೂ ಇರುವುದಿಲ್ಲ. ಮನೋವಿಜ್ಞಾನಿಗಳಾದ ಸೋಬೆಲ್ ದಂಪತಿ ರೂಪಿಸಿದ ಒಂದು ವಿಧಾನವಿದೆ: ಕ್ಯಾಲೆಂಡರ್ ಮುಂದಿಟ್ಟುಕೊಂಡು, ಹಬ್ಬ, ಸಂಬಳದ ದಿನ, ಮಗುವಿನ ಜ್ವರ ಇಂಥವನ್ನು ಮೊದಲು ಗುರುತು ಮಾಡಿ, ಆಮೇಲೆ ಒಂದೊಂದು ದಿನವನ್ನೂ ಹಿಂದಕ್ಕೆ ನೆನಪಿಸಿಕೊಳ್ಳುವುದು. ಕುಡಿಯದ ದಿನಗಳೂ ಅಲ್ಲಿ ಖಾಲಿ ಚೌಕಗಳಾಗಿ ಎದ್ದು ಕಾಣುತ್ತವೆ. ನನಗೆ ಬೇಕಿದ್ದದ್ದು ಆ ಖಾಲಿ ಚೌಕಗಳೇ. ನೀವು ಕುಡಿಯದವಳು ಎಂಬುದು ಇದಕ್ಕೆ ಅಡ್ಡಿಯಲ್ಲ. ತಿಳಿಯದವರಿಗೆ ತಿಳಿಸಿ ಹೇಳುವುದೆಂದರೆ ಜನರಿಗೆ ಖುಷಿ. ತೀರ್ಪು ಕೊಡುವ ಮುಖ ಮಾತ್ರ ಇರಬಾರದು. ಅನುಕಂಪದ ಮುಖ ಅದಕ್ಕಿಂತ ಕೆಟ್ಟದ್ದು.

ದಿನದ ಕೆಲಸದಲ್ಲಿ ರೋಮಾಂಚನವೇನೂ ಇಲ್ಲ. ಕಾಯುವುದು, ಬಾರದವರಿಗಾಗಿ ಮತ್ತೆ ಕಾಯುವುದು, ಧ್ವನಿಮುದ್ರಣವನ್ನು ಅಕ್ಷರಕ್ಕೆ ಇಳಿಸುವುದು, ಅರ್ಜಿ ಬರೆಯುವುದು. ಹಣ ಕೊಡುವವರ ಆಸಕ್ತಿ ಕಾಲಕ್ಕೆ ತಕ್ಕಂತೆ ಹೊರಳುತ್ತದೆ. ಒಂದು ಕಾಲದಲ್ಲಿ ಹೆರಾಯಿನ್, ಆಮೇಲೆ ಸೂಜಿ ಮತ್ತು ಎಚ್‌ಐವಿ, ಈಗ ಎಲ್ಲರ ಬಾಯಲ್ಲೂ ಗೇಮಿಂಗ್, ಮೊಬೈಲ್. ಮದ್ಯ ಮಾತ್ರ ಯಾರಿಗೂ ಹೊಸದೆನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಮದ್ಯದಿಂದ ಸತ್ತವರು 26 ಲಕ್ಷ, ಇತರ ಮಾದಕ ವಸ್ತುಗಳಿಂದ 6 ಲಕ್ಷ. ಒಮ್ಮೆ ನಮ್ಮ ವರದಿಯಲ್ಲಿ ಮದ್ಯದಂಗಡಿಗಳ ಮಾರಾಟದ ಸಮಯದ ಬಗ್ಗೆ ಒಂದು ಅಧ್ಯಾಯವಿತ್ತು. ಹಣ ಕೊಟ್ಟ ಸಂಸ್ಥೆ ಅದನ್ನು ಅನುಬಂಧಕ್ಕೆ ತಳ್ಳಿತು, ಎರಡನೆಯ ಮುದ್ರಣದಲ್ಲಿ ಅನುಬಂಧವೇ ಮಾಯವಾಯಿತು. ವ್ಯಕ್ತಿಯ ದೌರ್ಬಲ್ಯದ ಬಗ್ಗೆ ಬರೆದ ಅಧ್ಯಾಯಗಳಿಗೆ ಯಾರೂ ಕೈ ಹಚ್ಚಲಿಲ್ಲ.

ಮನಸ್ಸಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿರುವವರು ಸಾಯುತ್ತಾರೆ, ನಿಮಗಿಂತ ಚಿಕ್ಕವರೂ ಸಾಯುತ್ತಾರೆ, ಅವರ ಧ್ವನಿ ನಿಮ್ಮ ಬಳಿ ಉಳಿದಿರುತ್ತದೆ, ಆ ವಾರ ನೀವು ಅದನ್ನೇ ಅಕ್ಷರಕ್ಕೆ ಇಳಿಸಬೇಕಾಗಿರುತ್ತದೆ. ಇದಕ್ಕೆ ಅಭ್ಯಾಸವಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ಹೊಸಹೆಜ್ಜೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ, ಮೇಡಂ. ಇನ್ನೂ ಮೂರು ಸಂಶಯಗಳಿವೆ. ಬಳಕೆಯನ್ನು ಬಚ್ಚಿಡುವವರನ್ನು ಹುಡುಕುವುದು ಹೇಗೆ? ಸಂದರ್ಶನದಲ್ಲಿ ಯಾರಾದರೂ ಅಪರಾಧ ಒಪ್ಪಿಕೊಂಡರೆ ನಾನು ಪೊಲೀಸರಿಗೆ ಹೇಳಬೇಕೇ? ಬಂದವರಿಗೆ ಹಣ ಕೊಟ್ಟರೆ ಅದೇ ಹಣದಲ್ಲಿ ಕುಡಿಯುವುದಿಲ್ಲವೇ?

ಹಳೆಯ ಕಡತ

ಹುಡುಕಬೇಡಿ, ಅವರೇ ಒಬ್ಬರನ್ನೊಬ್ಬರು ಕರೆತರಲಿ. 1997ರಲ್ಲಿ ಡಗ್ಲಸ್ ಹೆಕಥಾರ್ನ್ ಎಂಬ ಸಮಾಜಶಾಸ್ತ್ರಜ್ಞ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಮೊದಲು ಸಿಕ್ಕ ಕೆಲವರಿಗೆ ತಲಾ ಮೂರೋ ನಾಲ್ಕೋ ಚೀಟಿ ಕೊಡುವುದು. ಅವರು ತಮ್ಮಂಥ ಪರಿಚಿತರಿಗೆ ಹಂಚುವುದು. ಬಂದವರಿಗೂ ಕರೆತಂದವರಿಗೂ ಸಣ್ಣ ಸಂಭಾವನೆ. ಯಾರಿಗೆ ಎಷ್ಟು ಜನರ ಪರಿಚಯವಿದೆ ಎಂಬುದನ್ನು ಕೇಳಿಟ್ಟುಕೊಂಡರೆ, ಹೆಚ್ಚು ಬಳಗವಿರುವವರೇ ಮಾದರಿಯನ್ನು ತುಂಬಿಕೊಂಡಿದ್ದರೆ ಆಮೇಲೆ ಲೆಕ್ಕದಲ್ಲಿ ಸರಿದೂಗಿಸಬಹುದು. ಚೀಟಿಗೆ ಮಿತಿ ಇಟ್ಟಿರುವುದೇ ಒಬ್ಬನೇ ಇಡೀ ಓಣಿಯನ್ನು ಕರೆತಾರದಿರಲಿ ಎಂದು. ಆದರೂ ಯಾರ ಬಳಗಕ್ಕೂ ಸೇರದೆ ಮನೆಯೊಳಗೇ ಕುಡಿಯುವ ಗೃಹಿಣಿ, ನಿದ್ರೆ ಮಾತ್ರೆ ನುಂಗುವ ಅಧಿಕಾರಿ ಈ ಚೀಟಿಗಳ ದಾರಿಯಲ್ಲಿ ಸಿಗುವುದಿಲ್ಲ. ಬಡವರ ವ್ಯಸನದ ಬಗ್ಗೆ ಗ್ರಂಥಾಲಯ ತುಂಬುವಷ್ಟು ಬರಹವಿದ್ದು, ಅನುಕೂಲಸ್ಥರ ವ್ಯಸನದ ಬಗ್ಗೆ ಒಂದು ಕಪಾಟೂ ತುಂಬದಿರುವುದಕ್ಕೆ ಇದೂ ಒಂದು ಕಾರಣ. ನೀವು ಆ ಕಡೆ ಹೋದರೆ ನನಗೆ ಸಂತೋಷ.

ಅಪರಾಧದ ಪ್ರಶ್ನೆಗೆ ಉತ್ತರ ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ. ಅಮೆರಿಕದಲ್ಲಿ ಸಂಶೋಧಕರಿಗೆ ಗೋಪ್ಯತಾ ಪ್ರಮಾಣಪತ್ರ ಎಂಬ ರಕ್ಷಣೆಯಿದೆ. ಅದರ ಬಲದಿಂದ ನ್ಯಾಯಾಲಯ ಕೇಳಿದರೂ ಭಾಗವಹಿಸಿದವರ ಗುರುತನ್ನು ಬಿಟ್ಟುಕೊಡದಿರಬಹುದು. ಅಂಥ ರಕ್ಷಣೆ ಇಲ್ಲದ ಕಡೆ ಒಂದೇ ದಾರಿ: ನಿಮಗೆ ಬೇಡವಾದದ್ದನ್ನು ಕೇಳಲೇಬೇಡಿ. ಮಾರುವವನ ಹೆಸರು, ಜಾಗ, ದಿನಾಂಕ ನಿಮ್ಮ ಪ್ರಬಂಧಕ್ಕೆ ಏಕೆ ಬೇಕು? ಮಾತಿನ ಭರದಲ್ಲಿ ಯಾರಾದರೂ ಹೆಸರು ಹೇಳಹೊರಟರೆ ತಡೆಯಿರಿ. ಮಗುವಿಗೆ ಹಾನಿ, ಆತ್ಮಹತ್ಯೆಯ ಯೋಚನೆ ಇಂಥವನ್ನು ಗುಟ್ಟಾಗಿ ಇಡಲಾರೆ ಎಂಬುದನ್ನು ಒಪ್ಪಿಗೆ ಪತ್ರ ಓದುವಾಗಲೇ ಬಾಯಿಬಿಟ್ಟು ಹೇಳಿ. ಚಿಕ್ಕ ಅಕ್ಷರಗಳಲ್ಲಿ ಅಚ್ಚು ಹಾಕಿ ಕೈತೊಳೆದುಕೊಳ್ಳಬೇಡಿ.

ಹಣದ ಬಗ್ಗೆ, ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗಳಲ್ಲಿ ನಾನು ಕೇಳಿದಷ್ಟು ಉಪದೇಶವನ್ನು ಬೇರೆಲ್ಲೂ ಕೇಳಿಲ್ಲ. ಕಾಲೇಜು ವಿದ್ಯಾರ್ಥಿ ಸಮೀಕ್ಷೆಗೆ ಬಂದರೆ ನಗದು ಕೊಡಬಹುದಂತೆ, ವ್ಯಸನಿಗೆ ಮಾತ್ರ ಕೂಪನ್ ಅಂತೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಪರೀಕ್ಷಿಸಿ ನೋಡಿತು. ಹೆಚ್ಚು ಹಣ ಕೊಟ್ಟರೂ, ನಗದಾಗಿಯೇ ಕೊಟ್ಟರೂ ಹೊಸದಾಗಿ ಬಳಕೆ ಏರಿದ್ದು ಕಂಡುಬರಲಿಲ್ಲ. ಹೆಚ್ಚು ಕೊಟ್ಟವರ ಗುಂಪಿನಲ್ಲಿ ಮರುಭೇಟಿಗೆ ಬಂದವರು ಮಾತ್ರ ಹೆಚ್ಚು. ಅವನ ಒಂದು ಬೆಳಗನ್ನು ತೆಗೆದುಕೊಂಡಿದ್ದೀರಿ, ಅದರ ಬೆಲೆ ಕೊಡಿ.

ಇನ್ನೊಂದು ಬದಿ ಅವರ ಉತ್ತರ

ನಾನು ಸಂಶೋಧಕನಲ್ಲ. ಬಿಟ್ಟು ಕೆಲವು ವರ್ಷಗಳಾದವು. ನಿಮ್ಮಂಥವರಿಗೆ ಸಂದರ್ಶನ ಕೊಟ್ಟವನು. ‘ಹಳೆಯ ಕಡತ’ ಅವರು ಹೇಳದ ಒಂದು ಸಂಗತಿ ಇದೆ. ಮಾತನಾಡಿದ್ದು ನನಗೆ ಒಳ್ಳೆಯದೇ ಆಯಿತು, ಬೈಯದೆ ಕೇಳಿದವರು ನನ್ನನ್ನು ಸಂದರ್ಶಿಸಿದವರೊಬ್ಬರೇ. ಆದರೆ ಅವರು ಏನು ಬರೆದರು ಎಂಬುದು ನನಗೆ ಇಂದಿಗೂ ತಿಳಿಯದು. ವರದಿ ಕೇಳಿದಾಗ ಇಂಗ್ಲಿಷಿನಲ್ಲಿದೆ, ಹಣ ಕಟ್ಟಿದವರಿಗೆ ಮಾತ್ರ ಸಿಗುವ ಪತ್ರಿಕೆಯಲ್ಲಿದೆ ಎಂದರು. ನನ್ನ ಬದುಕು ಯಾವುದೋ ಕೋಷ್ಟಕದಲ್ಲಿ ಒಂದು ಸಾಲಾಗಿ ಇರಬಹುದು. ಆ ಸಾಲು ನನ್ನನ್ನು ಏನೆಂದು ಕರೆಯುತ್ತದೆ ಎಂದು ತಿಳಿಯುವ ಹಕ್ಕು ನನಗಿಲ್ಲವೇ?

ಇನ್ನೊಂದು, ಎಲ್ಲರೂ ನನ್ನನ್ನು ಬೀಳುವ ಕಥೆಯನ್ನೇ ಕೇಳಿದರು. ಕುಡಿಯದ ದಿನ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಬಹಳವಿತ್ತು. ಆ ದಿನಗಳು ಎಲ್ಲಕ್ಕಿಂತ ಉದ್ದವಾಗಿದ್ದವು. ಸಂಜೆ ಆರರಿಂದ ಒಂಬತ್ತರವರೆಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ, ಇದ್ದ ಗೆಳೆಯರೆಲ್ಲ ಅದೇ ಹೊತ್ತಿನವರು.

ವಾರ್ಡ್ ಪಾಳಿ

ಆರರಿಂದ ಒಂಬತ್ತು. ಬಿಡುಗಡೆಯ ಚೀಟಿಯಲ್ಲಿ ನಾವು ಮಾತ್ರೆಯ ಸಮಯ ಬರೆಯುತ್ತೇವೆ, ಇದನ್ನು ಬರೆಯುವುದಿಲ್ಲ. ನನ್ನ ಮೊದಲ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ, ಪ್ರಶ್ನಾವಳಿಯವರ ಮೇಲಿನ ಸಿಟ್ಟು ಹಾಗೇ ಇದೆ. ಆದರೆ ಹೊಸಹೆಜ್ಜೆಯವರೇ, ಬರುವುದಿದ್ದರೆ ಮದ್ಯ ಬಿಟ್ಟು ಮೊದಲ ವಾರ ಕಳೆದ ಮೇಲೆ ಬನ್ನಿ. ಅಷ್ಟರಲ್ಲಿ ನಿದ್ರೆ, ಊಟ ಒಂದು ದಾರಿಗೆ ಬಂದಿರುತ್ತವೆ. ಮಧ್ಯಾಹ್ನದ ಪಾಳಿ ಬದಲಾಗುವ ಮೊದಲು ರೋಗಿಗಳಿಗೆ ಮಾತನಾಡುವವರು ಬೇಕಿರುತ್ತಾರೆ.

ಹಳೆಯ ಕಡತ

‘ಇನ್ನೊಂದು ಬದಿ’ಯವರೇ, ಖಂಡಿತ ಹಕ್ಕಿದೆ. ಬರೆದದ್ದನ್ನು ಸಂದರ್ಶನ ಕೊಟ್ಟವರ ಭಾಷೆಯಲ್ಲಿ, ಅವರ ಎದುರು ಓದಿ ಹೇಳದೆ ಮುದ್ರಣಕ್ಕೆ ಕಳುಹಿಸಬಾರದು. ಹೊಸಹೆಜ್ಜೆ, ಇದಕ್ಕೆ ಬೇಕಾದ ಸಮಯ ಮತ್ತು ಹಣವನ್ನು ಯೋಜನೆಯ ಮೊದಲ ಅರ್ಜಿಯಲ್ಲೇ ಬರೆದುಕೊಳ್ಳಿ, ಕೊನೆಯಲ್ಲಿ ಅದಕ್ಕೆ ಬಿಡಿಗಾಸೂ ಉಳಿಯುವುದಿಲ್ಲ.

ಮಾರ್ಗದರ್ಶಕರನ್ನು ಒಪ್ಪಿಕೊಳ್ಳುವ ಮೊದಲು ಎರಡು ವಿಷಯ ಕೇಳಿ. ಸಂದರ್ಶನ ಮುಗಿಸಿ ಬಂದ ಸಂಜೆ ನಿಮ್ಮೊಡನೆ ಕುಳಿತು ಮಾತನಾಡಲು ಯಾರಾದರೂ ಇರುತ್ತಾರೆಯೇ? ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ಕಾಲ ಒಂದೇ ಜನರನ್ನು ಹಿಂಬಾಲಿಸಿದ್ದಾರೆ? ಒಮ್ಮೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದವರೇ ಎಲ್ಲರೂ ಆಗಿದ್ದರೆ ಬೇರೆಯವರನ್ನು ನೋಡಿ. ವಸತಿಯ ವಿಷಯವನ್ನೂ ಪೂರ್ತಿ ಕೈಬಿಡಬೇಡಿ. ವಲಸೆ ಕಾರ್ಮಿಕರು ಮಲಗುವ ಕೋಣೆಯಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ಏನಾಗುತ್ತದೆ ಎಂಬುದೇ ಒಂದು ಪ್ರಬಂಧಕ್ಕೆ ಸಾಲುವಷ್ಟಿದೆ, ಅದಕ್ಕೆ ಮಾರ್ಗದರ್ಶಕರೂ ಈಗಾಗಲೇ ಸಿದ್ಧರಿದ್ದಾರೆ ಎಂದಿರಲ್ಲ.